ಎರಡನೇ ಸಲದ ದಿವಾಳಿ

ನವೆಂಬರ್ ೩, ಸೋಮವಾರ

ಮತ್ತೆ ಸಿಂದಗಿ ಕೋರ್ಟು. ಮತ್ತೆ ದಿವಾಳಿ ಅರ್ಜಿ. ಶಾಮಿಯಾನ-ಸೌಂಡ್ ಅಂಗಡಿ ನನ್ನ ಹೆಸರಿನದು, ಸಾಲವೂ ನನ್ನ ಹೆಸರಿನದು. ಹಾಗಾಗಿ ಅರ್ಜಿಯೂ ನನ್ನದೇ. ಮೂರು ವರ್ಷದ ಹಿಂದಿನದು ವಜಾ ಆಯಿತು. ಸಾಲ ಕೊಟ್ಟಿದ್ದ ಸಂಗಣ್ಣ, ನನ್ನ ದೊಡ್ಡಪ್ಪನ ಮಗ, ನಾವು ಆಸ್ತಿ ಮುಚ್ಚಿಟ್ಟಿದ್ದೇವೆಂದು ತಕರಾರು ಹಾಕಿದ್ದ. ಸುಳ್ಳುಗಾರ. ಮಾತಾಡಲು ಬಂದವನ ಮುಖಕ್ಕೇ ಬಾಗಿಲು ಹಾಕಿದ್ದೆ. ಆಗ ಕೋರ್ಟಿನ ಓಡಾಟವೆಲ್ಲ ನಮ್ಮ ಯಜಮಾನರದೇ.

ವಕೀಲೆ ಅಫ್ರೋಜ ಮೇಡಮ್ ಇವತ್ತು ನೇರವಾಗಿ ಕೇಳಿದರು. "ಇರೋದೆಲ್ಲ ಹೇಳೀರೇನ್ರಿ ರಾಜಶ್ರೀ ಅಕ್ಕಾರ? ಆಮ್ಯಾಲೆ ಏನಾರ ಸಿಕ್ರ ಈ ಅರ್ಜೀನೂ ಹೋಗತೈತಿ, ನೀವೂ ಸಿಕ್ಕೊಂತೀರಿ."

ನಾನು ಬಾಯಿ ತೆರೆಯುವ ಮೊದಲೇ ಇವರು, "ಏನೂ ಉಳದಿಲ್ರಿ" ಎಂದರು.

ಇಷ್ಟು ಬೇಗ? ಊಟ ಆಯಿತಾ ಎಂದರೂ ಯೋಚಿಸಿ ಉತ್ತರ ಕೊಡುವ ಮನುಷ್ಯ.

ನವೆಂಬರ್ ೯

ಇವರು ಮತ್ತೆ ಮೋರಟಗಿಗೆ. ಗೆಳೆಯನಿಗೆ ಹುಷಾರಿಲ್ಲವಂತೆ. ಅಂಗಿ ಒಗೆಯುವಾಗ ಡೀಸೆಲ್ ವಾಸನೆ. ಇರುವುದು ಬೈಕು. ಬೈಕಿಗೆ ಡೀಸೆಲ್ ಯಾರು ಹಾಕುತ್ತಾರೆ?

ನವೆಂಬರ್ ೧೪

ಫೋನ್ ಬಂದರೆ ಹಿತ್ತಲಿಗೆ ಹೋಗುತ್ತಾರೆ. ಓಣಿಯ ತುದಿಯಲ್ಲಿ ಸಂಗಣ್ಣನ ಜೀಪು ಕಂಡೆ. ಇಬ್ಬರಲ್ಲಿ ಯಾರ ಮೇಲೆ ಕಣ್ಣಿಡಬೇಕೋ ತಿಳಿಯುತ್ತಿಲ್ಲ…

ನವೆಂಬರ್ ೨೩, ಭಾನುವಾರ

ಕನ್ನೊಳ್ಳಿಯಲ್ಲಿ ಮದುವೆ. ಕೈ ತೊಳೆಯಲು ಪೆಂಡಾಲಿನ ಹಿಂದೆ ಹೋದೆ. ಜನರೇಟರ್ ಓಡುತ್ತಿತ್ತು. ಹೊಸ ನೀಲಿ ಬಣ್ಣ. ಬಣ್ಣದ ಅಡಿಯಿಂದ ಅಕ್ಷರ ಉಬ್ಬಿಕೊಂಡಿದ್ದವು — ರಾಜಶ್ರೀ ಸೌಂಡ್ಸ್. ನನ್ನದೇ ಹೆಸರು. ಮಾರಿದೆನೆಂದು ಇವರು ಹೇಳಿದ ಜನರೇಟರ್.

ಪಕ್ಕದಲ್ಲಿ ನಮ್ಮ ಹಳೆಯ ಆಪರೇಟರ್ ಇಜಾಜ. ನನ್ನನ್ನು ಕಂಡು ಎದ್ದು ನಿಂತ.

"ಯಾರದಪಾ ಇದು?"

"ಅಕ್ಕಾರ… ಅಣ್ಣಾರು ನಿಮಗ ಹೇಳಬ್ಯಾಡ ಅಂದಾರ್ರಿ."

ಊಟ ಮಾಡದೆ ಬಂದೆ.

ನವೆಂಬರ್ ೨೪

ಕೇಳಿದೆ. ಇವರು ಅಲ್ಲಗಳೆಯಲೂ ಇಲ್ಲ.

"ಎಲ್ಲಾ ಕೊಟ್ಟು ನಾಳೆ ಉಣ್ಣೂದೇನು? ಸುಮ್ನ ಸಹಿ ಮಾಡು."

"ಸಹಿ ನಂದು. ಜೈಲಿಗೆ ಹೋಗಾಕಿ ನಾನ."

"ಯಾರ್ ಹೇಳ್ತಾರ ಕೋರ್ಟಿಗೆ?"

ಹಾಗಾದರೆ ಸಂಗಣ್ಣ ಹೇಳಿದ್ದು ನಿಜ. ಮೂರು ವರ್ಷ ನಾನು ಮಾತು ಬಿಟ್ಟದ್ದು ಯಾರೊಂದಿಗೆ, ಉಂಡು ಮಲಗಿದ್ದು ಯಾರೊಂದಿಗೆ…

ಡಿಸೆಂಬರ್ ೮, ಸೋಮವಾರ

ಮೇಡಮ್ಮರಿಗೆ ಮೊದಲೇ ಹೇಳಿಬಿಟ್ಟಿದ್ದೆ. ಇವರಿಗೆ ಹೇಳಿರಲಿಲ್ಲ. ಕಟಕಟೆ ಹತ್ತಿದೆ. "ಇನ್ನೊಂದು ಐತ್ರಿ ಸಾಹೇಬ್ರ. ಜನರೇಟರ್. ನನಗ ಗೊತ್ತಿರಲಿಲ್ರಿ." ಹಿಂದೆ ಕುರ್ಚಿ ಸರಿದ ಸದ್ದು. ತಿರುಗಿ ನೋಡಿದರೆ ಇವರ ಜಾಗ ಖಾಲಿ.

ಅರ್ಜಿ ಅಂಗೀಕಾರವಾಯಿತು. ಜನರೇಟರ್ ಕೋರ್ಟಿನ ವಶಕ್ಕೆ. ಎದೆಯ ಮೇಲಿನ ಕಲ್ಲು ಇಳಿದಂತೆ.

ಹೊರಗೆ ಬೇವಿನ ಮರದ ಕೆಳಗೆ ಸಂಗಣ್ಣ. ನಾನೇ ಹೋದೆ. "ತಪ್ಪಾತೋ ಅಣ್ಣಾ. ಜನರೇಟರ್ ಬಗ್ಗೆ ನೀ ಆವಾಗ್ಲೇ ಹೇಳಿದ್ದಿ."

ಅವನು ನನ್ನ ಮುಖವನ್ನೇ ನೋಡಿದ. "ಯಾವ ಜನರೇಟರವ್ವಾ? ನಾ ಹೇಳಿದ್ದು ನಿನ್ನ ಗಂಡ ಮಸೂತಿ ಊರಾಗ ತಗೊಂಡ ಪ್ಲಾಟಿಂದು."

ಅದೇ ದಿನ, ಸಂಜೆ

ಇವರು ಬಂದರು. ರೊಟ್ಟಿ ಬಡಿಸಿದೆ. ಎರಡು ತುತ್ತು ಇಳಿದ ಮೇಲೆ, "ಮಸೂತಿ" ಎಂದೆ. ಅಷ್ಟೇ.

ಕೈ ಅಲ್ಲೇ ನಿಂತಿತು. "ಆಕಿ ಬಗ್ಗೆ ಯಾರ್ ಹೇಳಿದ್ರು ನಿನಗ?"

ಆಕಿ?

ನಾನು ಕೇಳಿದ್ದು ಪ್ಲಾಟಿನ ಬಗ್ಗೆ ಮಾತ್ರ.