ಬಿಸಿಲು ಬಿದ್ದ ಮಗ್ಗುಲು

ಭಾನುವಾರ, ಏಪ್ರಿಲ್ ಹನ್ನೆರಡು

ಅಕ್ಕಾ,

'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದೆ. ಮೊದಲ ಸಾಲಿನಲ್ಲೇ ಸುಳ್ಳು ಬೇಡವೆನಿಸಿತು.

ಶುಕ್ರವಾರ ಮರ ಕಡಿಯುವ ತಂಡ ಕಾಡಂಚಿಗೆ ಬಂದು ಕಾಂಡಗಳಿಗೆ ಕೆಂಪು ಬಣ್ಣ ಬಳಿಯುತ್ತಿತ್ತು. ಗದರಿದೆ. ಮೇಸ್ತ್ರಿ ಜೇಬಿನಿಂದ ಹಾಳೆ ತೆಗೆದು, "ನೀವೇ ಬರ್ಕೊಟ್ಟು ನಮ್ಗೆ ಬೈತೀರಲ್ಲ ಮೇಡಂ" ಎಂದ. 'ಅಂಟುರೋಗ. ಮುನ್ನೂರ ಹನ್ನೆರಡು ಮರಗಳನ್ನು ಸೋಮವಾರ ಕಡಿಯಬೇಕು.' ಕೆಳಗೆ ನನ್ನ ಸಹಿ. ಮೇಲಿನ ಅಕ್ಷರ ನಿನ್ನದು. ನನಗೆ ಅ, ಆ ತಿದ್ದಿಸಿದ ಕೈ, ಗುರುತು ಸಿಗದೇ ಇರುತ್ತದೆಯೇ?

"ಮರ ಪರೀಕ್ಷೆ ಮಾಡೋಕೆ ಕಾಡಿಗೆ ಹೋದ್ರೆ ವಾರಗಟ್ಲೆ ಬರಲ್ಲ ನೀನು, ನಾಲ್ಕು ಖಾಲಿ ಫಾರಂಗೆ ಸಹಿ ಹಾಕಿಟ್ಟು ಹೋಗೇ" ಎಂದು ನೀನೇ ಮಾಡಿದ ಪದ್ಧತಿ. ಐದು ವರ್ಷದಿಂದ ನಿನ್ನ ಕಚೇರಿಯ ಡ್ರಾಯರಿನಲ್ಲಿ ಇಟ್ಟು ಹೋಗಿದ್ದೇನೆ. ಬೇರೆ ಅಧಿಕಾರಿಯಾಗಿದ್ದರೆ ಇಡುತ್ತಿದ್ದೆನೇ? ಅಕ್ಕನೆಂದು ಇಟ್ಟೆ.

ನನ್ನ ವರದಿ ನೀನು ಓದಿದ್ದೀಯ. ತೊಗಟೆ ಸೀಳಿದ್ದು ರೋಗದಿಂದಲ್ಲ, ಅದು ಬಿಸಿಲಿನ ಗಾಯ. ನೆರಳಲ್ಲಿ ಬೆಳೆದ, ತೆಳು ತೊಗಟೆಯ ಮರಗಳವು. ಕಾಡು ನೋಡಲು ಬರುವ ದೊಡ್ಡವರ ಜೀಪು ತಿರುಗಲು ಜಾಗ ಬೇಕೆಂದು ನೀನು ಬಾಯಿಮಾತಿನಲ್ಲೇ ಮೊದಲ ಸಾಲು ಕಡಿಸಿದೆ. ಇಳಿಹೊತ್ತಿನ ಬಿಸಿಲು ಹಿಂದಿನ ಮರಗಳಿಗೆ ನೇರ ಬಡಿಯಿತು. ಪಡುವಣ ಮಗ್ಗುಲಿನಲ್ಲಿ ಮಾತ್ರ ತೊಗಟೆ ಉದ್ದುದ್ದ ಸೀಳಿ ಎದ್ದಿದೆ. ಹಿಂಬದಿ ಸವರಿದರೆ ಒಂದು ಗೀರೂ ಇಲ್ಲ. ರೋಗ ದಿಕ್ಕು ನೋಡಿಕೊಂಡು ಬರುತ್ತದೆಯೇ? ಹಾಗೇ ಬಿಟ್ಟರೆ ಬಹಳಷ್ಟು ಮರಗಳಲ್ಲಿ ಗಾಯದ ಅಂಚು ನಿಧಾನವಾಗಿ ಕೂಡಿಕೊಳ್ಳುತ್ತದೆ. ಕಡಿದರೆ ಅವುಗಳ ಹಿಂದಿನವು ಸುಡುತ್ತವೆ, ಆಮೇಲೆ ಅವುಗಳ ಹಿಂದಿನವು.

ನಾನು ಫೋನ್ ಮಾಡಿ ಹಲೋ ಅನ್ನುವಷ್ಟರಲ್ಲಿ ನೀನು, "ಮೊದಲ ಸಾಲಿನ ವಿಷ್ಯ ಎಲ್ಲೂ ಎತ್ಬೇಡ ಪುಟ್ಟಿ" ಎಂದೆ. ನಾನಿನ್ನೂ ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಬಿಸಿಲಿನ ಗಾಯ ಎಂದರೆ ನೆರಳು ತೆಗೆದವರು ಯಾರೆಂಬ ಪ್ರಶ್ನೆ ಬರುತ್ತದೆ. ಅದಕ್ಕೇ ನಿನಗೆ ರೋಗ ಬೇಕಾಯಿತು. ನಿನ್ನ ಕುರ್ಚಿ ಉಳಿಯಿತು, ನಾನು ಬಿಸಿಲಿಗೂ ರೋಗಕ್ಕೂ ವ್ಯತ್ಯಾಸ ತಿಳಿಯದ ದಡ್ಡಿಯಾದೆ. "ಮನೆಯವರು ಇಷ್ಟು ಅಡ್ಜಸ್ಟ್ ಮಾಡ್ಕೋಬಾರ್ದಾ" ಎಂದೂ ನೀನೇ ಕೇಳಿದೆ. ಮನೆಯವಳು ಮಾಡಿದ್ದಕ್ಕೇ ಅಲ್ಲವೇ ಎರಡು ರಾತ್ರಿ ಟಿಪ್ಪಣಿ ಪುಸ್ತಕ ತಿರುವುತ್ತ ಕೂತಿದ್ದು? ಪರರಾಗಿದ್ದರೆ ದೂರು ಬರೆದು, ಉಂಡು ಮಲಗುತ್ತಿದ್ದೆ.

ಇವತ್ತು ಬೆಳಗ್ಗೆ ಮೇಲಧಿಕಾರಿಯ ಮನೆಗೇ ಹೋಗಿ ನನ್ನ ಟಿಪ್ಪಣಿ ಪುಸ್ತಕ ಕೊಟ್ಟು ಬಂದೆ. ಖಾಲಿ ಫಾರಂಗೆ ಸಹಿ ಹಾಕಿದ್ದು ನನ್ನ ತಪ್ಪೆಂದೂ ಬರೆದುಕೊಟ್ಟೆ. ನಾಳೆಯ ಕಡಿತ ನಿಂತಿದೆ. ವಿಚಾರಣೆಗೆ ಇಬ್ಬರನ್ನೂ ಕರೆಯುತ್ತಾರೆ. ಒಂದೇ ಬೆಂಚಿನಲ್ಲಿ ಕೂರಿಸಿದರೆ ನಾನು ಎದ್ದು ನಿಲ್ಲುತ್ತೇನೆ.

ಇಷ್ಟಾದರೂ ನಿನ್ನ ತಂಗಿ
(ಇನ್ನು ಪುಟ್ಟಿ ಎನ್ನಬೇಡ)

ಪತ್ರದಲ್ಲಿ ಬರೆಯದೆ ನನ್ನಲ್ಲೇ ಉಳಿಸಿಕೊಂಡಿದ್ದು: ಮೊದಲ ಸಾಲು ಕಡಿದ ದಿನದ ಪುಟವೂ ಆ ಪುಸ್ತಕದಲ್ಲಿದೆ. 'ಹಿಂದಿನ ಮರಗಳು ಸುಡಬಹುದು. ಅಕ್ಕನಿಗೆ ಹೇಳಲಿಲ್ಲ, ಮುನಿಸಿಕೊಳ್ಳುತ್ತಾಳೆ' ಎಂದು ಬರೆದಿಟ್ಟಿದ್ದೆ. ಕೊಡುವ ಮುಂಚೆ ಹರಿಯೋಣವೆಂದು ಕೈ ಹೋಯಿತು. ಹರಿಯಲಿಲ್ಲ. ಹರಿದಿದ್ದರೆ ಈ ಪತ್ರ ಬರೆಯಲು ನನಗೆ ಯಾವ ಮುಖವಿತ್ತು?