ಐದನೆಯ ತೊಟ್ಟಿ

ಬುಧವಾರ, ಬೆಳಿಗ್ಗೆ

ನನ್ನ ಹಟಮಾರಿ ಸೊಸೆಗೆ ಅತ್ತೆಯ ಆಶೀರ್ವಾದ.

ಎಲ್ಲರೂ ಕ್ಷೇಮ ಎಂದು ಬರೆಯಬೇಕು. ಮನುಷ್ಯರು ಕ್ಷೇಮ, ಮೀನುಮರಿಗಳಲ್ಲ.

ನೀನು ತವರಿಗೆ ಹೋದ ಮರುದಿನವೇ ನೀನು ಪಾಚಿ ಬೆಳೆಸಿದ ಐದು ಹಸಿರು ತೊಟ್ಟಿಗಳಲ್ಲಿ ನಾಲ್ಕನ್ನು ಖಾಲಿ ಮಾಡಿಸಿ, ಉಜ್ಜಿಸಿ, ಹೊಸ ನೀರು ತುಂಬಿಸಿ ಮರಿಗಳನ್ನು ಮತ್ತೆ ಬಿಡಿಸಿದೆ. ನಾನೇ ನಿಂತು ಮಾಡಿಸಿದ್ದು. ಐದನೆಯದರ ನಲ್ಲಿ ತುಕ್ಕು ಹಿಡಿದು ಕದಲಲಿಲ್ಲ, ಅದಕ್ಕೆ ಬಿಟ್ಟೆ. ಮೂವತ್ತು ವರ್ಷದಿಂದ ಮೊಟ್ಟೆಯೊಡೆಸಿ ಮರಿ ಸಾಕುತ್ತಾ ಈ ಹ್ಯಾಚರಿ ನಡೆಸುತ್ತಿದ್ದೇನೆ. ನೀರಿಗೆ ನನ್ನ ಪರೀಕ್ಷೆ ಒಂದೇ: ಅಂಗಿಯ ಬಿಳಿ ಗುಂಡಿಯೊಂದನ್ನು ತೊಟ್ಟಿಗೆ ಹಾಕುವುದು. ತಳದಲ್ಲಿ ಅದರ ನಾಲ್ಕು ತೂತೂ ಕಂಡರೆ ನೀರು ಸರಿ. ನಿನ್ನ ತೊಟ್ಟಿಯಲ್ಲಿ ಗುಂಡಿಯೇ ಕಾಣದು!

ನಾಲ್ಕನೇ ದಿನ ಚೊಕ್ಕ ನೀರಿನ ಮರಿಗಳೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ಪಾಚಿ ನೀರಿನವು ಮೇವಿಗೆ ಮುಗಿಬೀಳುತ್ತಿದ್ದವು. ಕಣ್ಣನ್ನು ನಂಬಲೋ, ಮರಿಗಳನ್ನು ನಂಬಲೋ? ನೀರು ಪರೀಕ್ಷೆಯವನನ್ನು ಕರೆಸಿದೆ. "ಅಮ್ಮಾ, ನಿಮ್ಮ ನೀರು ನೋಡೋಕೆ ಕನ್ನಡಿ. ಒಳಗೆ ಕೆಟ್ಟ ಬ್ಯಾಕ್ಟೀರಿಯಾ ತುಂಬಿ ತುಳುಕ್ತಿದೆ" ಅಂದ. ಉಜ್ಜಿದ್ದೇ ತಪ್ಪಾ ಎಂದು ಕೇಳಿದರೆ, "ಉಜ್ಜಿ ಉಜ್ಜಿ ಮನೆ ಖಾಲಿ ಮಾಡಿಟ್ರಿ. ಖಾಲಿ ಮನೆಗೇ ಅಲ್ವಾ ಕಳ್ಳರು ನುಗ್ಗೋದು? ಆ ಸಣ್ಣ ಪಾಚಿನೇ ಕಾವಲು" ಅಂತ ಹಲ್ಲುಕಿರಿದ. ನೀನೂ ಅವತ್ತು ಇದನ್ನೇ ಹೇಳಿದ್ದೆ. ನಾನು ಕೆಲಸದವರ ಎದುರಿಗೆ, "ಪಾಚಿ ಸಾಕೋದು ಕಲಿಯೋಕೆ ಕಾಲೇಜು ಬೇಕಿತ್ತಾ?" ಅಂದೆ. ಅವರು ನಕ್ಕರು. ನೀನು ಚೀಲ ತುಂಬಿಕೊಂಡು ಹೊರಟೆ.

ನನಗಿನ್ನೂ ತಲೆಬುಡ ತಿಳಿದಿಲ್ಲ. ಕೊಳೆ ಯಾವುದು, ಚೊಕ್ಕ ಯಾವುದು? ಈಗೀಗ ಪಾತ್ರೆ ತೊಳೆಯುವಾಗಲೂ ಕೈ ತಡೆಯುತ್ತದೆ. ಓದಿ ನಗಬೇಡ.

ಉಳಿದ ತೊಟ್ಟಿಯ ಹಸಿರು ನಿನ್ನೆಯಿಂದ ಹಳದಿಗೆ ತಿರುಗುತ್ತಿದೆ. ಪಾಚಿ ಸಾಯುತ್ತಿದೆಯೋ, ಹಸಿದಿದೆಯೋ? ಬಿಸಿಲು ಬೇಕೋ, ನೆರಳೋ? ನೀನು ಬಾಟಲಿಗಳಲ್ಲಿ ಬೆಳೆಸಿಟ್ಟದ್ದನ್ನು ಎಷ್ಟು ಸುರಿಯಬೇಕು? "ಅದು ಬೆಳೆಸಿದವರಿಗೇ ಗೊತ್ತು" ಎಂದು ಪರೀಕ್ಷೆಯವನು ಕೈತೊಳೆದುಕೊಂಡ. ಆ ತೊಟ್ಟಿಯೂ ಹೋದರೆ ಈ ಸಲ ಹ್ಯಾಚರಿಯಲ್ಲಿ ಒಂದು ಮರಿಯೂ ಉಳಿಯದು. ಬಾ ಎಂದು ಕರೆಯುತ್ತಿಲ್ಲ, ಬರೆದು ತಿಳಿಸಿದರೂ ಸಾಕು. ಬಂದರೆ ಬೇಡ ಅನ್ನುವುದಿಲ್ಲ.

ಇಂತು,
ನಿನ್ನ ಅತ್ತೆ

ಇನ್ನೊಂದು ಮಾತು. ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಮರಿ ಸಾಗಿಸಲು ಹೋಗಿದ್ದ ನನ್ನ ಮಗ ವಾಪಸು ಬಂದಾಗ, ಸಿಟ್ಟಿನಲ್ಲಿ ತೊಟ್ಟಿಗಳನ್ನು ಖಾಲಿ ಮಾಡಿ ಹೋದವಳು ನೀನೇ ಎಂದುಬಿಟ್ಟೆ. ಕೆಲಸದವರ ಬಾಯಿಯನ್ನೂ ಮುಚ್ಚಿಸಿದ್ದೇನೆ. ಅವನು ನಿನಗೆ ಫೋನ್ ಮಾಡದಿರುವುದು ಅದಕ್ಕೇ. ಈ ಕಾಗದವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಲಕೋಟೆ ಅಂಟಿಸಿಲ್ಲ.