ಮಡಿಲಕ್ಕಿಗೆ ಬಿದ್ದ ಸೆಂಟು

೯ ಫೆಬ್ರವರಿ ೨೦೦೩, ಭಾನುವಾರ. ಚಳ್ಳಕೆರೆ.

ಎಷ್ಟು ಸಲ ಬಾಯಿ ಮುಕ್ಕಳಿಸಿದರೂ ಆ ವಾಸನೆ ನಾಲಿಗೆ ಬಿಡುತ್ತಿಲ್ಲ.

ಬೆಳಿಗ್ಗೆ ಮೊಳಕಾಲ್ಮೂರಿನಿಂದ ಬೀಗರು ಬಂದು ನಮ್ಮ ಮಗಳು ಸ್ವಪ್ನಳಿಗೆ ಮಡಿಲು ತುಂಬಿದರು. ಅಕ್ಕಿ, ಕೊಬ್ಬರಿ ಹಾಕಿದ ಮೇಲೆ ಅವಳ ಅತ್ತೆಯಾಗುವ ಶಾರದಮ್ಮ ಬ್ಯಾಗಿನಿಂದ ಗುಲಾಬಿ ಬಣ್ಣದ ಸೀಸೆ ತೆಗೆದರು. ಪ್ಯಾರಿಸ್ಸಿನ ದೊಡ್ಡ ಫ್ಯಾಷನ್ ಕಂಪನಿಯದಂತೆ. "ಎಣ್ಣೆ ಮಿಲ್ಲಿನ ಮನೆ ಹುಡುಗಿ ನೋಡ್ರಿ, ಹಿಂಡಿ ವಾಸ್ನೆ ಹೋಗ್ಲಿ" ಎಂದು ಕತ್ತಿನಿಂದ ಮಡಿಲವರೆಗೂ ಪುಸುಪುಸು ಹೊಡೆದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದು ಮರ್ಯಾದೆಯೋ, ಹೆದರಿಕೆಯೋ?

ಸೆಂಟು ಕೆಟ್ಟದ್ದೇನಲ್ಲ. ಅಂಗಡಿಯಲ್ಲಾಗಿದ್ದರೆ ಆ ಮೆಲುವಾದ ಹೂವಿನ ಪರಿಮಳವನ್ನು ನಾನೇ ಮೆಚ್ಚುತ್ತಿದ್ದೆನೇನೋ. ಆದರೆ ಮಡಿಲಕ್ಕಿಯನ್ನು ಚೆಲ್ಲುವಂತಿಲ್ಲ, ಮನೆಯವರೇ ಉಣ್ಣಬೇಕು. ತೊಳೆದು ತೊಳೆದು ಒಲೆಗಿಟ್ಟರೂ ಅಡುಗೆಮನೆಯೆಲ್ಲ ಹೂವು ಕೊಳೆತ ನಾತ. ನಮ್ಮ ಯಜಮಾನರು ತಲೆ ಬಗ್ಗಿಸಿ ಉಂಡರು. ನಾನು ಮೊದಲ ತುತ್ತನ್ನು ನುಂಗದೆ ದವಡೆಗೆ ಸರಿಸಿಕೊಂಡೆ.

ಸ್ವಪ್ನ ತಟ್ಟೆ ಸರಿಸಿದಳು. "ನಂಗೆ ಬ್ಯಾಡವ್ವ."

"ಶಾಸ್ತ್ರಕ್ಕೆ ಒಂದು ತುತ್ತು ಉಣ್ಣೇ."

"ಅನ್ನ ಅಲ್ಲವ್ವ, ಆ ಮನೆ."

ಇವರು ನನ್ನ ಮುಖ ನೋಡಿದರು. ಬಾಯಲ್ಲಿದ್ದ ತುತ್ತನ್ನು ತಟ್ಟೆಗೇ ಉಗಿದುಬಿಟ್ಟೆ. ಈ ಸಲ ಯಾರೂ ನಗಲಿಲ್ಲ.

ಈ ಸಂಬಂಧ ಬೇಡವೆಂದು ನಾಳೆ ಶಾರದಮ್ಮನವರಿಗೆ ನಾನೇ ಫೋನ್ ಮಾಡಬೇಕು. ಏನೆಂದು ಶುರು ಮಾಡಲಿ, ಸೆಂಟಿನಿಂದಲೋ ಅಥವಾ ಸ್ವಪ್ನ ಸರಿಸಿದ ತಟ್ಟೆಯಿಂದಲೋ?